ತಲೆಕೆಳಗಾದ ಬೀದಿ

ಕೊನೆಯ ಕಿಟಕಿಗೂ ರಟ್ಟು ಅಂಟಿಸಿದ್ದೇ ತಡ, ತರಗತಿಯೊಳಗೆ ಕತ್ತಲೆ ಕವಿಯಿತು. ಆ ರಟ್ಟಿನ ನಡುವೆ ಬಟಾಣಿ ಕಾಳಿನಷ್ಟು ಒಂದೇ ಒಂದು ತೂತು.

"ಪಾಠ ಮುಗಿಸೋದು ಯಾವಾಗಮ್ಮಾ? ಪರೀಕ್ಷೆ ತಲೆ ಮೇಲೆ ಕೂತಿದೆ," ವಿಜ್ಞಾನದ ಟೀಚರ್ ಪಿಸುಗುಟ್ಟಿದರು. "ಈ ಸಲವೂ ಮಕ್ಕಳು ಫೇಲಾದ್ರೆ ಹೆಡ್‌ಮಾಸ್ಟರು ಈ ಕ್ಲಾಸಿಂದ ನನ್ನನ್ನ ಎತ್ತಂಗಡಿ ಮಾಡ್ತಾರೆ."

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ ಅಕ್ಕಾ. ಉತ್ತರ ಮಾತ್ರ ಹೇಳ್ಬೇಡಿ," ಎಂದಳು ಶಿಕ್ಷಕರಿಗೆ ತರಬೇತಿ ಕೊಡಲು ಬಂದಿದ್ದ ಯುವತಿ, ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಜಾಗ ಮಾಡಿಕೊಳ್ಳುತ್ತಾ.

ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಎದುರಿನ ಗೋಡೆಯ ಮೇಲೆ ಹೊರಗಿನ ಬೀದಿ ಮೂಡಿತು. ಆಕಾಶ ನೆಲದ ಬಳಿ, ರಸ್ತೆ ಸೂರಿನ ಬಳಿ. ಬಸ್ಸೊಂದು ಚಕ್ರ ಮೇಲಾಗಿ ಸದ್ದಿಲ್ಲದೆ ಹಾದುಹೋಯಿತು.

"ಟೀಚರ್, ಯಾಕೆ ಉಲ್ಟಾ?" ಎದ್ದವಳು, ಎಲ್ಲದಕ್ಕೂ ವಾದ ಹೂಡಿ 'ಲಾಯರಮ್ಮ' ಎಂದು ಹೆಸರಾದ ಹುಡುಗಿ.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಟೀಚರ್ ನುಂಗಿಕೊಂಡರು. "ನೀವೇ ಹೇಳಿ, ಯಾಕಿರಬಹುದು?"

ಕ್ಲಾಸು ಸಂತೆಯಾಯಿತು. ರಟ್ಟನ್ನೇ ಉಲ್ಟಾ ಅಂಟಿಸಿದ್ದೀವಿ ಎಂದ ಒಬ್ಬ. ತಿರುಗಿಸಿ ಅಂಟಿಸಿದರು, ಬೀದಿ ಮಾತ್ರ ಜಗ್ಗಲಿಲ್ಲ. ತೂತನ್ನು ಚೌಕ ಮಾಡಿದರು, ಊಹೂಂ. "ಬೆಳಕು ನೆಟ್ಟಗೆ ಬರತ್ತೆ ಅಂತ ಬರೆಸಿದ್ದೀರಲ್ಲ ಟೀಚರ್, ನೋಡೇ ಬಿಡೋಣ," ಎಂದ ಲಾಯರಮ್ಮ ದಾರದ ಉಂಡೆ ಹಿಡಿದು ಹೊರಗೋಡಿದಳು. ಕಿಟಕಿಯಿಂದ ಸ್ವಲ್ಪ ದೂರದಲ್ಲಿ ಸ್ಟೂಲು ಹತ್ತಿ, ದಾರದ ಒಂದು ತುದಿಯನ್ನು ಹಣೆಗೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ಜೊತೆಗೇ ಓಡಿ ಬಂದಿದ್ದ ಗೆಳತಿ ತೂತಿನಿಂದ ಒಳಗೆ ತೂರಿಸಿದಳು.

ಟೀಚರ್ ಅದನ್ನು ಬಿಗಿಯಾಗಿ ಎಳೆಯುತ್ತಾ ಗೋಡೆಯತ್ತ ನಡೆದರು. ದಾರ ಇಳಿಯುತ್ತಾ ಇಳಿಯುತ್ತಾ ಅವರನ್ನು ಮಂಡಿಯೂರಿಸಿತು. ಅದು ಹೋಗಿ ತಾಗಿದ್ದು ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿದ್ದ ಹುಡುಗಿಯ ಹಣೆಗೇ. ಇಷ್ಟು ವರ್ಷ ಬೋರ್ಡಿನ ಮೇಲೆ ಎಳೆದು ಒರೆಸಿದ ಬೆಳಕಿನ ಗೆರೆ ಟೀಚರ ಬೆರಳುಗಳ ನಡುವೆ ಮಿಡಿಯುತ್ತಿತ್ತು.

"ಮೇಲಿಂದು ಕೆಳಗೆ! ಹಂಗಾದ್ರೆ ಕೆಳಗಿಂದು ಮೇಲೆ!" ಮಕ್ಕಳು ಕೂಗಿದರು.

ಗಲಾಟೆಗೆ ಹೆಡ್‌ಮಾಸ್ಟರು ಬಾಗಿಲು ತೆರೆದರು. ಬೆಳಕು ನುಗ್ಗಿ ಬೀದಿ ಅಳಿಸಿಹೋಯಿತು.

"ಬಾಗಿಲು ಹಾಕಿ ಸಾರ್!" ಇಡೀ ಕ್ಲಾಸು ಕಿರುಚಿತು.

ಅವರು ತಬ್ಬಿಬ್ಬಾಗಿ ಒಳಗೆ ಬಂದು ಬಾಗಿಲು ಹಾಕಿದರು. ಗೋಡೆ ನೋಡಿದವರು ನಿಂತಲ್ಲೇ ನಿಂತರು.

ಅವರ ಹಿಂದೆಯೇ ನುಸುಳಿ ಬಂದ ಲಾಯರಮ್ಮ, ಮಂಡಿಯೂರಿಯೇ ಇದ್ದ ಟೀಚರ ಮುಖದ ಹತ್ತಿರ ಮುಖ ತಂದು ದಿಟ್ಟಿಸಿದಳು.

"ಟೀಚರ್, ನಿಮ್ಮ ಕಣ್ಣಿನ ನಡುವೆಯೂ ಒಂದು ಕಪ್ಪು ತೂತಿದೆ. ಅದರೊಳಗೆ ನಾನು ಹೇಗೆ ನಿಂತಿದೀನಿ?"