ತಗಡಿನ ಅಳತೆಯ ದೇಶ

ನಮ್ಮ ಮನೆಯ ಮೊದಲ ಪದವಿ ಪತ್ರವಿರುವ ಅಕ್ಕನ ಫೈಲನ್ನು ತೆರೆದರೆ ಈಗಲೂ ಹೊಗೆಸೊಪ್ಪಿನ ವಾಸನೆ ಬರುತ್ತದೆ. ಅದರೊಳಗೆ ಒಂದು ನಕ್ಷೆಯೂ ಇದೆ.

ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದರಿಂದ ಅಕ್ಕ ಕಟಪಾಡಿಯ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಒಂದು ಮಧ್ಯಾಹ್ನ ನಾವಿಬ್ಬರೂ ಸೇರಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಮ್ಮದೇ ದೇಶವೊಂದನ್ನು ಮಾಡಿದೆವು. ಬೀಡಿ ಎಲೆಯನ್ನು ಅಳತೆಗೆ ಕತ್ತರಿಸುವ ತಗಡನ್ನಿಟ್ಟು ಗಡಿ ಎಳೆದೆ. ಹೊಳೆ, ಬಂದರು, ಬಸ್‌ಸ್ಟ್ಯಾಂಡ್ ಎಲ್ಲ ಆಯಿತು.

"ಶಾಲೆ ಎಲ್ಲಿ ಅಕ್ಕ?"

"ಬೀಡಿ ಬ್ರಾಂಚಿನ ಪಕ್ಕ ಹಾಕು. ಕಟ್ಟಿದ ಬೀಡಿ ಅಲ್ಲಿ ಕೊಟ್ಟು ಹಾಗೇ ಶಾಲೆಗೆ ಹೋಗಬಹುದು."

ಒಳಗಿನಿಂದ ಅಮ್ಮ ನಕ್ಕರು. "ಈ ಪ್ರಾಯದಲ್ಲಿ ನಿನ್ನನ್ನು ಯಾರು ಸೇರಿಸಿಕೊಳ್ತಾರೆ ಮಾರಾಯ್ತಿ?"

"ಅಲ್ಲಿ ಸೇರಿಸಿಕೊಳ್ತಾರೆ. ಕಾನೂನು ಉಂಟು," ಎಂದು ಅಕ್ಕ ನೂಲು ಸುತ್ತುತ್ತಲೇ ಹೇಳಿದಳು.

ಆಮೇಲೆ ನನ್ನ ಪೆನ್ಸಿಲ್ ತೆಗೆದುಕೊಂಡು, ನಕ್ಷೆಯ ಮೂಲೆಯಲ್ಲಿ ಆ ಶಾಲೆಯ ಹಾಜರಿ ಪಟ್ಟಿ ಬರೆದಳು. ಮೊದಲ ಹೆಸರು ಅವಳದು. ಎರಡನೆಯದು ನನ್ನದು.