ತೊಗಟೆಯ ಮೇಲಿನ ಗೆರೆ

"ಬೋರರ್ ಹುಳ ಹೊಕ್ಕ ಕಾಫಿ ಗಿಡವನ್ನ ಬರೀ ಬೆರಳಲ್ಲಿ ಸವರಿ ಪತ್ತೆ ಮಾಡ್ಬಹುದು ಅಂತೀರಿ. ಇದನ್ನ ಯಾರು ಹೇಳ್ಕೊಟ್ರಮ್ಮ?" ಚಿಕ್ಕಮಗಳೂರಿನ ವಿಚಾರ ಸಂಕಿರಣದಲ್ಲಿ ಅಧ್ಯಕ್ಷರು ಕೇಳಿದರು.

ರಕ್ಷಾ ಮಂಡಿಸಿದ ಮೊದಲ ಪ್ರಬಂಧ ಅದು. "ನಾನೇ ಕಂಡ್ಕೊಂಡೆ ಸರ್" ಎಂದುಬಿಟ್ಟಳು. ಚಪ್ಪಾಳೆ ಬಿತ್ತು.

ಕೊನೆಯ ಸಾಲಿನಲ್ಲಿ ಕಾಫಿ ತೋಟದ ಮೇಸ್ತ್ರಿ ಮಂಚಯ್ಯ ಕೂತಿದ್ದ. ಅವಳೇ ಆಸೆಪಟ್ಟು ಕರೆತಂದಿದ್ದಳು. ಜಾವಳಿಯ ತೋಟದಲ್ಲಿ ಎರಡು ವರ್ಷ ಗಿಡಗಿಡಕ್ಕೂ ಅವಳ ಬೆರಳನ್ನು ತೊಗಟೆಯ ಉಬ್ಬುಗೆರೆಯ ಮೇಲೆ ಇಡಿಸಿ, "ಇಲ್ ಮುಟ್ನೋಡು ಮಗಾ, ಹುಳ ಒಳಗೈತೆ" ಎಂದು ಕಲಿಸಿದವನು ಅವನೇ.

ವೇದಿಕೆ ಇಳಿದು ಅವನ ಹತ್ತಿರ ಹೋದಳು. ಮುಖ ಎತ್ತಲಾಗಲಿಲ್ಲ. ಮಂಚಯ್ಯ ಎದ್ದುನಿಂತು ತನ್ನ ಕುರ್ಚಿಯನ್ನು ಅವಳತ್ತ ಸರಿಸಿದ.

"ಚೆನ್ನಾಗಿ ಹೇಳಿದ್ರಿ ಮೇಡಂ. ಕೂತ್ಕಳಿ."