ಗಣಪ್ಪನ ಹೊಟ್ಟೆಯ ಮಣ್ಣು

ಚೌತಿಯ ದಿನ ಅಕ್ಕನ ಮನೆಯ ಗಣಪತಿಗೆ ಕೈ ಮುಗಿಯಲು ಬಗ್ಗಿದ ಡಾಕ್ಟರ್ ಮಂಟಯ್ಯನವರು ಬಗ್ಗಿದ ಹಾಗೆಯೇ ನಿಂತುಬಿಟ್ಟರು. ಆ ಹೊಟ್ಟೆಯ ಮಣ್ಣನ್ನು ಅವರು ಬಲ್ಲರು. ಮೂವತ್ತೈದು ವರ್ಷ ಭೂವಿಜ್ಞಾನಿಯಾಗಿ ನೆಲ ಬಗೆದು, ಹಳೆಯ ಮಣ್ಣಿನಲ್ಲಿ ಕೊಳೆಯದೆ ಉಳಿದ ಹೂವಿನ ಪರಾಗ ಹುಡುಕಿ ನಿವೃತ್ತರಾದವರಿಗೆ ತಮ್ಮ ಮಣ್ಣಿನ ಗುರುತು ಹತ್ತದೆ ಇದ್ದೀತೇ? ನಡುಮನೆಗೆ ಓಡಿದರು. ರಾಗಿ ವಾಡೆಯ ಹಿಂದೆ, ತಂಪಿರಲಿ ಎಂದು ಬೇಸಿಗೆಯಲ್ಲಿ ತಾವೇ ಇಟ್ಟುಹೋಗಿದ್ದ ಮಣ್ಣು ತುಂಬಿದ ಪೈಪು ಇರಲಿಲ್ಲ. ಹಿತ್ತಲಿಗೆ ಹೋದರು. ಪೈಪು ಅಲ್ಲಿತ್ತು. ಬಚ್ಚಲ ನೀರನ್ನು ಬಾಳೆಗಿಡಕ್ಕೆ ಹಾಯಿಸುತ್ತಿತ್ತು.

“ಅಕ್ಕ! ಪೈಪಿನೊಳಗಿದ್ದ ಮಣ್ಣು?”

“ಗಣಪ್ಪನ್ನ ಮಾಡ್ದೆ ಕಣ್ಲಾ,” ಎಂದರು ಸುಂದ್ರಮ್ಮ, ಕಡುಬಿನ ತಟ್ಟೆ ಹಿಡಿದುಕೊಂಡೇ. “ಈ ಸಲ ಕೆರೆ ತುಂಬ್ಕಂಡದೆ, ಮಣ್ಣು ಎಲ್ಲಿಂದ ತರದು? ಇದು ಕಲ್ಲಿಲ್ಲ ಕಸ ಇಲ್ಲ, ಬೆಣ್ಣೆ ಇದ್ದಂಗಿತ್ತು. ಉಟ್ಟಿದಾಗಿಂದ ಹಬ್ಬಕ್ಕೆ ಒಂದು ಊವ ತಂದವನಲ್ಲ, ನಮ್ ಮಂಟ ಈಗ್ಲಾದ್ರೂ ಮನುಸ್ಯ ಆದ ಅಂತ ಖುಸಿ ಪಟ್ಟೆ.”

“ಜೋಪಾನವಾಗಿಟ್ಟಿರು ಅಂದಿದ್ದೆನಲ್ಲಕ್ಕ!”

“ದೇವ್ರು ಮಾಡಿ ಕೂರ್ಸಿವ್ನಿ. ಇದ್ಕಿಂತ ಜೋಪಾನ ಇನ್ನೆಂಗ್ಲಾ ಮಾಡದು?”

ಮಂಟಯ್ಯನವರಿಗೆ ಅಳು ಬಂತು. ಅಂತರಸಂತೆ ಕಡೆಯ ಈ ಕಾಡಂಚು ಮೂರು ಸಾವಿರ ವರ್ಷದ ಹಿಂದೆ ಹುಲ್ಲುಗಾವಲಾಗಿತ್ತು ಎಂದು ಅವರು ಒಮ್ಮೆ ಬರೆದಿದ್ದರು. ಇಲ್ಲ, ಆಗಲೂ ದಟ್ಟ ಕಾಡೇ ಎಂದ ಉಳಿದ ವಿಜ್ಞಾನಿಗಳು ಇಪ್ಪತ್ತು ವರ್ಷ ಅವರನ್ನು ಗೇಲಿ ಮಾಡಿದ್ದರು. ಪುರಾವೆ ಇದ್ದದ್ದು ಊರ ಕೆರೆಯ ತಳದಲ್ಲಿ, ಕೆರೆ ಕಟ್ಟುವುದಕ್ಕೂ ಮುಂಚೆ ಜವುಗಾಗಿದ್ದ ನೆಲದಲ್ಲಿ. ಆರು ಆಳು ಹಿಡಿದು, ಸೊಂಟ ಉಳುಕಿಸಿಕೊಂಡು, ಪೈಪು ಹೊಡೆಸಿ ಎತ್ತಿದ ಮಣ್ಣು ಅದು. ಆಳಕ್ಕೆ ಹೋದಷ್ಟೂ ಹಳೆಯದು. ಮುಂದಿನ ಬೇಸಿಗೆಗೆ ಕೆರೆಯ ಹೂಳೆತ್ತುತ್ತಾರಂತೆ. ಆಮೇಲೆ ಹುಡುಕಲು ಅಲ್ಲಿ ಏನೂ ಉಳಿದಿರುವುದಿಲ್ಲ.

“ಅಕ್ಕ, ಪೈಪಿನ ಯಾವ ತುದಿಯ ಮಣ್ಣು ಎಲ್ಲಿಗೆ ಹಾಕ್ದೆ? ಸ್ವಲ್ಪ ನೆನಪು ಮಾಡ್ಕೊ.”

“ಮರೀತೀನಾ? ನೀಲಿ ಟೇಪು ಸುತ್ತಿದ್ದಲ್ಲ, ಆ ತಳದ ಕರಿ ಮಣ್ಣು ಚೆನ್ನಾಗಿ ಜಿಗಟಿತ್ತು, ಒಟ್ಟೆಗೆ ಹಾಕ್ದೆ. ನಡುವಿಂದು ತಲೆಗೆ, ಸೊಂಡ್ಲಿಗೆ. ಮೇಗಲದು ಪುಡಿಪುಡಿ, ಪೀಠಕ್ಕಾಯ್ತು. ಮಿಕ್ಕಿದ್ದೆಲ್ಲ ಕಲ್ಸಿ ಇಲಿ ಮಾಡ್ದೆ.”

ಹೋದ ಜೀವ ಬಂದಂತಾಯಿತು. ಮಂಟಯ್ಯನವರು ಪುಸ್ತಕ ತೆಗೆದು ಬರೆದುಕೊಂಡರು. ಹೊಟ್ಟೆ: ಅತಿ ಪ್ರಾಚೀನ. ಸೊಂಡಿಲು: ಮಧ್ಯಕಾಲ. ಪೀಠ: ಇತ್ತೀಚಿನದು. ಇಲಿ: ನಂಬುವಂತಿಲ್ಲ. ಬರೆದಾದ ಮೇಲೆ ಮೆಲ್ಲಗೆ ಜೇಬಿನಿಂದ ಸಣ್ಣ ಚಮಚ ತೆಗೆದರು.

“ಮುಟ್ಟಿದ್ರೆ ಕೈ ಮುರೀತೀನಿ! ಪೂಜೆ ಆಗೋಯ್ತು, ಈಗದು ದೇವ್ರು. ಮೂರ್ನೇ ದಿನ ಕದಲ್ಸಿದ ಮೇಲೆ ಬರೀ ಮಣ್ಣು. ಆಮೇಲೆ ಏನಾರ ಮಾಡ್ಕೊ.”

ಒಂದು ಮಂಗಳಾರತಿಗೂ ನಿಲ್ಲದಿದ್ದ ಮನುಷ್ಯ ಮೂರು ದಿನ ಗಣಪತಿಯ ಎದುರಿನಿಂದ ಏಳಲಿಲ್ಲ. ಯಾರಾದರೂ ಸೇವಂತಿಗೆ ಏರಿಸಲು ಬಂದರೆ, ಇಂದಿನ ಪರಾಗ ಅಂದಿನ ಮಣ್ಣಿಗೆ ಉದುರೀತೆಂದು ಕೈ ಅಡ್ಡ ಹಿಡಿದು, “ಪಾದಕ್ಕಿಡಿ, ಪಾದಕ್ಕಿಡಿ” ಎನ್ನುತ್ತಿದ್ದರು. ಪಕ್ಕದ ಮನೆಯ ಕುಳ್ಳಯ್ಯ ಕಣ್ಣೊರೆಸಿಕೊಂಡರು. “ಎಂಥಾ ಭಕ್ತಿ ಬುಡಿ! ರಿಟೈರಾದ್ಮೇಲಾದ್ರೂ ಬಂತಲ್ಲ.”

ಮೂರನೆಯ ದಿನ ಸುಂದ್ರಮ್ಮ ಗಣಪತಿಯನ್ನು ಒಂದು ಬೆರಳಿನಷ್ಟು ಉತ್ತರಕ್ಕೆ ಸರಿಸಿ, “ಹೋಗ್ಬುಟ್ಟು ಬಾರಪ್ಪ” ಎಂದದ್ದೇ ತಡ, ಮಂಟಯ್ಯನವರ ಚಮಚ ಬೆನ್ನಿನ ಕಡೆಯಿಂದ ಹೊಟ್ಟೆಗೆ ಇಳಿಯಿತು. ಕೆರೆಗೆ ಬಿಡಲು ಎತ್ತಿಕೊಂಡ ಕುಳ್ಳಯ್ಯ ಗಾಬರಿಯಾದರು. “ಇದೇನ್ ಸುಂದ್ರಕ್ಕ, ಸ್ವಾಮಿ ಬೆನ್ನಲ್ಲಿ ತೂತು?”

“ನಮ್ ಮಂಟ ಡಾಕ್ಟ್ರಲ್ವ, ನೋಡವ್ನೆ. ನೀ ನಡಿ.”

ತಿಂಗಳ ಮೇಲೆ, ಮೈಸೂರಿನಲ್ಲಿ ಹಳೆಯ ಶಿಷ್ಯೆ ರಮ್ಯಾ ಆ ಮಣ್ಣನ್ನು ತೊಳೆದು, ಗಾಜಿನ ಮೇಲೆ ಹರಡಿ ಕೊಟ್ಟಳು. ಮಂಟಯ್ಯನವರು ಸೂಕ್ಷ್ಮದರ್ಶಕದ ಸಮೇತ ನೇರ ಅಕ್ಕನ ಜಗಲಿಗೇ ಬಂದರು. ಕಣ್ಣಿಟ್ಟರು. ಎಣಿಸಿದರು. ಮತ್ತೊಮ್ಮೆ ಎಣಿಸಿದರು. ನೂರಕ್ಕೆ ಎಂಬತ್ತು ಹುಲ್ಲಿನ ಪರಾಗ! ‘ಮಣ್ಣು ಸಿಕ್ಕಿದ ಜಾಗ: ಗಣಪತಿಯ ಹೊಟ್ಟೆ’ ಎಂದು ಬರೆದರೆ ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ತಾವು ಸುಳ್ಳು ಹೇಳಿರಲಿಲ್ಲ. ಅಷ್ಟು ಸಾಕಿತ್ತು. ಎಪ್ಪತ್ತರ ವಯಸ್ಸಿನಲ್ಲಿ ಮಗುವಿನಂತೆ ಅತ್ತರು.

ಸುಂದ್ರಮ್ಮ ತಾವೂ ಒಂದು ಕಣ್ಣು ಮುಚ್ಚಿ ಇಣುಕಿದರು. “ದುಂಡುಗೆ ಏನೇನೋ ಅದೆ. ಏನ್ಲಾ ಇದು?”

“ಹುಲ್ಲಿನ ಹೂವಿನ ಪುಡಿ ಅಕ್ಕ. ಮೂರು ಸಾವಿರ ವರ್ಷದ್ದು.”

“ಯಾವ ಉಲ್ಲು?”

“ಅದು ಗೊತ್ತಾಗಲ್ಲ. ಹುಲ್ಲಿನ ಪುಡಿ ಎಲ್ಲಾ ಒಂದೇ ಥರ ಇರುತ್ತೆ. ಇಂಥದ್ದೇ ಅಂತ ಪ್ರಪಂಚದಲ್ಲಿ ಯಾರೂ ಹೇಳಕ್ಕಾಗಲ್ಲ.”

“ಗರಿಕೆ ಕಣ್ಲಾ,” ಎಂದರು ಸುಂದ್ರಮ್ಮ, ಸೆರಗಿನಿಂದ ತಮ್ಮನ ಕಣ್ಣೊರೆಸುತ್ತ. “ಗಣಪ್ಪನ ಒಟ್ಟೇಲಿ ಇನ್ನೇನಿದ್ದಾತು? ಬರ್ಕೊ.”